ಹದಿನೆಂಟನೆಯ ಸಾಲು

ಗುರುವಾರ ಮಧ್ಯಾಹ್ನ ಹನ್ನೆರಡು ಹದಿನೈದಕ್ಕೆ ತೋಟದ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಒಂದೇ ಕಾಲಿನಲ್ಲಿ ಚಪ್ಪಲಿಯಿತ್ತು.

“ಮೇಸ್ತ್ರಿ ಸತ್ತುಹೋಗಿದ್ದಾನೆ ಸಾರ್. ಔಷಧಿ ಕೋಣೇಲಿ. ಹೊರಗಿನಿಂದ ಚಿಲಕ ಹಾಕಿತ್ತು.”

“ಬಾಗಿಲು ತೆಗೆದದ್ದು ಯಾರು?”

“ನಾನೇ. ಹನ್ನೊಂದು ನಲವತ್ತಕ್ಕೆ.”

“ಯಾರ ಮೇಲಾದರೂ ಅನುಮಾನ?”

“ಅನುಮಾನ ಏನ್ ಬಂತು, ಕಳೆ ಕೀಳೋರಲ್ಲಿ ಆ ಉದ್ದದವನು, ಲಂಬೂನೇ. ನೀರು ಕುಡಿಯೋಕೆ ಬಿಡಲಿಲ್ಲ ಅಂತ ನಿನ್ನೆ ಮೇಸ್ತ್ರಿ ಕಾಲರ್ ಹಿಡಿದಿದ್ದ. ಬೇಗ ಹಿಡೀರಿ ಸಾರ್. ಕಳೆ ಕೆಲಸ ಇವತ್ತಿಗೆ ಮುಗೀತು, ಐದಕ್ಕೆ ಲಾರಿ ಬರುತ್ತೆ. ಹೋದ ಮೇಲೆ ನಲವತ್ತು ಜನ ನಲವತ್ತು ದಿಕ್ಕು.”

ಎಫ್‌ಐಆರ್ ಸಂಖ್ಯೆ ಎಂಬತ್ತನಾಲ್ಕು. ಜೀಪು ಹೊರಡುವ ಮೊದಲೇ ಮೇಲಧಿಕಾರಿಯ ಫೋನ್ ಬಂತು: ಐದರೊಳಗೆ ಒಂದು ಹೆಸರು ಬೇಕು. ಹೆಸರೇನೋ ಕೈಯಲ್ಲಿತ್ತು. ಅಷ್ಟು ಸುಲಭವಾಗಿ ಸಿಕ್ಕಿದ್ದೇ ಇನ್‌ಸ್ಪೆಕ್ಟರ್‌ಗೆ ಹಲ್ಲಿಗೆ ಸಿಕ್ಕ ಕಲ್ಲಿನಂತಾಗಿತ್ತು.

ಒಂದೂ ಹತ್ತಕ್ಕೆ ಪಂಚನಾಮೆ ಶುರುವಾಯಿತು. ಕೀಟನಾಶಕದ ಡಬ್ಬಿಗಳನ್ನಿಡುವ ಔಷಧಿ ಕೋಣೆಗೆ ಕಿಟಕಿಯಿರಲಿಲ್ಲ. ಒಳಗಿದ್ದವನು ಕತ್ತಲಲ್ಲಿ ಎಡವಿ ಉರುಳಿಸಿದ ಡಬ್ಬಿಯೊಂದು ಒಡೆದು ನೆಲವೆಲ್ಲ ಹಳದಿಯಾಗಿತ್ತು. ವಾಸನೆ ಗಂಟಲಿಗೆ ಉಗುರಿಡುತ್ತಿತ್ತು. ಸತ್ತವನ ಗೆಣ್ಣುಗಳು ಕಿತ್ತುಹೋಗಿದ್ದವು. ಬಾಗಿಲು ಬಡಿದೂ ಬಡಿದೂ ಇರಬೇಕು. ಪಕ್ಕದಲ್ಲೇ ನೀರಿನ ಪಂಪು ಗುಡುಗುತ್ತಿತ್ತು. ಅದರ ಮುಂದೆ ಗುಂಡು ಹಾರಿದರೂ ಕೇಳಿಸುವಂತಿರಲಿಲ್ಲ.

ಮೇಸ್ತ್ರಿ ಒಳಗೆ ಹೋದದ್ದು ಹತ್ತು ಐವತ್ತಕ್ಕೆ. ಆಗ ನಲವತ್ತೂ ಜನ ಬೀಟ್‌ರೂಟ್ ಹೊಲದಲ್ಲಿ, ತಲೆಗೊಂದು ಸಾಲು ಹಿಡಿದು ಅಕ್ಕಪಕ್ಕದಲ್ಲಿ ಕಳೆ ಕೀಳುತ್ತಿದ್ದರು. ಸಾಲು ಬಿಟ್ಟು ಯಾರೂ ಕದಲಲಿಲ್ಲವೆಂದು ನಲವತ್ತೂ ಬಾಯಿ ಒಂದೇ ಮಾತು ಹೇಳಿದವು.

ಲಂಬುವಿನ ಕೈಗೆ ಆಗಲೇ ಕೋಳ ಬಿದ್ದಿತ್ತು.

“ನಿನ್ನೆ ಕಾಲರ್ ಯಾಕೆ ಹಿಡಿದೆ?”

“ಕೈಗೆಟುಕ್ತು ಸಾರ್. ಎಲ್ಲರದ್ದೂ ಎಟುಕುತ್ತೆ ನನಗೆ.”

“ತಮಾಷೆ ಬೇಡ. ಇವತ್ತು?”

“ಇವತ್ತು ಐದನೇ ಸಾಲಲ್ಲಿದ್ದೆ. ನನ್ನ ಹೆಂಡತಿಗೆ ತಿಂಗಳು ತುಂಬಿದೆ ಸಾರ್. ನಾನು ಆ ಲಾರೀಲಿ ಹೋಗ್ಲೇಬೇಕು.” ಈ ಸಲ ಅವನ ದನಿ ಅವನಷ್ಟು ಎತ್ತರವಿರಲಿಲ್ಲ.

ಗುಂಪಿನಲ್ಲಿ ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಐವತ್ತರ ಹೆಂಗಸು ನಡುವೆ ಬಾಯಿ ಹಾಕಿದಳು. “ಆ ಹುಡುಗನ್ನ ಬಿಡಿ. ಒಂದು ಇರುವೆ ತುಳಿಬೇಕಾದ್ರೂ ಮೂರು ಸಲ ಕೇಳ್ತಾನೆ.”

“ನೀವು ಯಾವ ಸಾಲು?”

“ಹದಿನೆಂಟು. ಬೆಳಗ್ಗೆಯಿಂದ ಬಗ್ಗಿದ ಸೊಂಟ ಇನ್ನೂ ನೆಟ್ಟಗಾಗಿಲ್ಲ.” ಅವಳು ಇನ್‌ಸ್ಪೆಕ್ಟರನ ಮುಖವನ್ನೇ ನೋಡಿದಳು. “ನಿಮ್ಮನ್ನ ಮಂಗಳವಾರಾನೂ ನೋಡಿದ್ದೆ ಸಾರ್. ಫೋನಲ್ಲಿದ್ರಿ.”

ಗಂಟೆ ಎರಡೂವರೆಯಾಗಿತ್ತು. ಆ ಮಾತು ಅವನ ಕಿವಿಯ ಮೇಲಿಂದ ಹಾದುಹೋಯಿತು.

ಮೂರಕ್ಕೆ ಹೆಡ್ ಕಾನ್‌ಸ್ಟೆಬಲ್ ಹೊಲಕ್ಕಿಳಿದ. ಪೊಲೀಸ್ ಕೆಲಸ ಸಿಗುವ ಮೊದಲು ಒಂಬತ್ತು ಹಂಗಾಮು ಕಳೆ ಕಿತ್ತವನು. ಇನ್‌ಸ್ಪೆಕ್ಟರ್ ಬದುವಿನ ಮೇಲೆ ನಿಂತು ಗಡಿಯಾರ ನೋಡುತ್ತಿದ್ದರೆ ಅವನು ಸಾಲಿನಿಂದ ಸಾಲಿಗೆ ಬಗ್ಗಿ ಬಗ್ಗಿ ಹೋದ. ಮೂರು ಮುಕ್ಕಾಲಿಗೆ ಕೈ ಎತ್ತಿದ.

“ಇಲ್ಲಿ ಕೈ ಬದಲಾಗಿದೆ ಸಾರ್.”

“ಅಂದ್ರೆ?”

“ಬಲಗೈಯವರು ಕಳೆ ಎಳೆದು ಬಲಕ್ಕೆ ಬಿಸಾಡ್ತಾರೆ. ಎಲ್ಲಾ ಸಾಲೂ ನೋಡಿ, ಕಳೆ ಬಲಕ್ಕಿದೆ. ಹದಿನೇಳರಲ್ಲಿ ಮಾತ್ರ ಎಡಕ್ಕೆ. ಅದನ್ನ ಕಿತ್ತವಳು ಎಡಚಿ. ಈಗ ಹದಿನೆಂಟು ನೋಡಿ. ಬಲಕ್ಕೆ, ಬಲಕ್ಕೆ... ಇಲ್ಲಿಂದ ಎಡಕ್ಕೆ. ಇನ್ನೂರ ಹನ್ನೆರಡು ಹೆಜ್ಜೆ. ಆಮೇಲೆ ಮತ್ತೆ ಬಲಕ್ಕೆ.”

ಇನ್‌ಸ್ಪೆಕ್ಟರ್ ಬಾಡಿದ ಕಳೆಯನ್ನು ಬೆರಳಲ್ಲಿ ಮುಟ್ಟಿದ. ನಲವತ್ತು ಬಾಯಿ ಮುಚ್ಚಿಟ್ಟದ್ದನ್ನು ಮಣ್ಣು ಬರೆದಿಟ್ಟಿತ್ತು.

ಇಪ್ಪತ್ತೆರಡು ವರ್ಷದ ಎಡಚಿ ಟಾರ್ಪಾಲಿನ ಕೆಳಗೆ ಬಟ್ಟೆಗಂಟು ಕಟ್ಟುತ್ತಿದ್ದಳು.

“ಹದಿನೆಂಟನೇ ಸಾಲು ನೀನ್ಯಾಕೆ ಕಿತ್ತೆ?”

“ಹಿಂದೆ ಬಿದ್ದಿತ್ತು ಸಾರ್. ಪಕ್ಕದ ಸಾಲು ಹಿಂದೆ ಬಿದ್ರೆ ಯಾರಾದ್ರೂ ಕೈ ಹಾಕ್ತಾರೆ. ಅದನ್ನೇನು ಹೇಳೋದು? ಹೇಳೋ ವಿಷಯಾನಾ ಅದು?”

“ಸಾಲಿನವರು ಎಲ್ಲಿದ್ರು?”

ಅವಳ ಕೈ ಗಂಟಿನ ಮೇಲೇ ನಿಂತಿತು. ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯುವುದನ್ನು ಇನ್‌ಸ್ಪೆಕ್ಟರ್ ನೋಡಿದ, ನೋಡಬಾರದಿತ್ತು ಅನಿಸಿತು.

“ಅವಳನ್ನ ಯಾಕೆ ಹಿಂಡ್ತೀರಿ,” ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. “ಚಿಲಕ ಹಾಕಿದ್ದು ನಾನು.”

ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದ.

“ಯಾಕೆ?”

“ಔಷಧಿ ಹೊಡೆದ ಹೊಲಕ್ಕೆ ಕೆಂಪು ಬಾವುಟ ನೆಡ್ತಾರೆ. ಎರಡು ದಿನ ಯಾರೂ ಇಳಿಯೋ ಹಾಗಿಲ್ಲ. ಶನಿವಾರ ಹೊಡೆದ್ರು, ಭಾನುವಾರ ಬೆಳಗ್ಗೇನೇ ಮೇಸ್ತ್ರಿ ಬಾವುಟ ಕಿತ್ತು ನಮ್ಮನೆಯವ್ರ ಜೊತೆ ಆರು ಜನರನ್ನ ಇಳಿಸಿದ. ತಾನು ಮಾತ್ರ ಮೂಗಿಗೆ ಒದ್ದೆ ಬಟ್ಟೆ ಕಟ್ಕೊಂಡು ಬೇಲಿ ಆಚೆ ನಿಂತಿದ್ದ. ಮಧ್ಯಾಹ್ನಕ್ಕೆ ನಮ್ಮನೆಯವ್ರಿಗೆ ವಾಂತಿ, ಸಂಜೆಗೆ ಉಸಿರಾಡೋಕೇ ಆಗ್ಲಿಲ್ಲ. ಬಿಸಿಲು ಹೊಡೆದಿದೆ ಅಂದ್ರು ತೋಟದವ್ರು. ಈಗ ಆಸ್ಪತ್ರೇಲಿ ಕೊಳವೆ ಹಾಕಿ ಮಲಗಿಸಿದಾರೆ.”

“ಅದಕ್ಕೆ ಸಾಯಿಸಿದ್ರಾ?”

“ಸಾಯ್ಲಿ ಅಂತಲ್ಲ. ಒಂದು ಸಾಲು ಮುಗಿಯೋ ತನಕ ಆ ವಾಸನೆ ಕುಡೀಲಿ ಅಂತ. ಆಮೇಲೆ ತೆಗೀತಿದ್ದೆ. ಸಾಲಿಗೆ ಬಂದು ಬಗ್ಗಿದೆ, ಅಷ್ಟರಲ್ಲಿ ಇವರ ಜೀಪು ಬಂತು.” ಅವಳು ಮ್ಯಾನೇಜರನ ಕಡೆ ಗದ್ದ ಎತ್ತಿದಳು. “ಹೊಲದ ತಲೇಲೇ ನಿಂತುಬಿಟ್ರು. ಅರ್ಧ ಗಂಟೆ.”

“ಕೂಗಿ ಹೇಳಬಹುದಿತ್ತು.”

“ಹೇಳಬಹುದಿತ್ತು,” ಎಂದಳು ಅವಳು. “ಮಂಗಳವಾರ ಹೇಳಿದ್ನಲ್ಲ.”

ನಾಲ್ಕು ಮೂವತ್ತೈದಕ್ಕೆ ಬಂಧನ. ಲಂಬುವಿನ ಕೋಳ ಬಿಚ್ಚಿದರು. ಅವನು ಲಾರಿ ಹತ್ತಿದವನು ಚಿಕ್ಕಮ್ಮನತ್ತ ತಿರುಗಿ ನೋಡಲಾರದೆ ಹಿಂಬದಿಯ ಹಲಗೆಯನ್ನೇ ನೋಡುತ್ತ ನಿಂತ. ಎಡಚಿ ಹತ್ತಲಿಲ್ಲ. “ನಾನು ಮುಟ್ಟದೇ ಇದ್ದಿದ್ರೆ?” ಎಂದು ಕೇಳಿದಳು.

“ಹುಚ್ಚಿ,” ಎಂದಳು ಚಿಕ್ಕಮ್ಮ. “ಹಿಂದೆ ಬಿದ್ದ ಸಾಲನ್ನ ಬಿಟ್ಟು ಹೋಗ್ತಾರಾ ಯಾರಾದ್ರೂ? ಆಸ್ಪತ್ರೇಲಿ ಅವರೊಬ್ರೇ ಇದಾರೆ. ನೋಡ್ಕೋ.”

ಸಂಜೆ ಆರಕ್ಕೆ ಇನ್‌ಸ್ಪೆಕ್ಟರ್ ಠಾಣೆಯ ಬರಹದ ಮೇಜಿನ ಡ್ರಾಯರ್ ಎಳೆದ. ಮಂಗಳವಾರದ ಕಾಗದ ಸ್ಟೇಪ್ಲರ್ ಕೆಳಗಿತ್ತು. ಒಂದೂವರೆ ಪುಟ. ಮೇಸ್ತ್ರಿ, ಮ್ಯಾನೇಜರ್, ಕೆಂಪು ಬಾವುಟ, ಎಲ್ಲವೂ ಇತ್ತು. ಕೊನೆಯಲ್ಲಿ ಹೆಬ್ಬೆಟ್ಟು. ಸ್ವೀಕೃತಿಯ ಮೊಹರು ಇರಲಿಲ್ಲ.

ಬರಹದ ಪೇದೆ ಎದ್ದು ನಿಂತ. “ತೋಟದ ವಿಷಯ ತೋಟದಲ್ಲೇ ಮುಗಿಸ್ಕೊಳ್ಳಿ ಅಂತ ನೀವೇ ಸಾರ್... ಫೋನಲ್ಲಿದ್ರಿ, ಕೈ ಸನ್ನೆ ಮಾಡಿದ್ರಿ.”

“ಗೊತ್ತು. ಬರಿ. ಎಂಬತ್ತೈದು.”

ಪೇದೆ ಬರೆಯುತ್ತ ಬಂದು ಒಂದು ಕಾಲಮ್ಮಿನಲ್ಲಿ ನಿಂತ. “ದೂರು ದಾಖಲಿಸಲು ವಿಳಂಬಕ್ಕೆ ಕಾರಣ ಅಂತಿದೆ. ಏನು ಹಾಕ್ಲಿ?”

ಇನ್‌ಸ್ಪೆಕ್ಟರ್ ಪೆನ್ನು ಇಸಿದುಕೊಂಡು ತಾನೇ ಬರೆದ: ದೂರುದಾರಳು ಮಂಗಳವಾರವೇ ಬಂದಿದ್ದಳು. ಕೆಳಗೆ ರುಜು ಹಾಕಿದ.