ಉಪ್ಪಿನ ಬಾಯಾರಿಕೆ

"ಆ ನೇಕಾರನ ಕಣ್ಣಿಗೆ ಬೀಳ್ಬೇಡ್ವೇ," ಎಂದಳು ಚಿಕ್ಕಮ್ಮ ಕಫುಯಿ, ಮರಳಿನ ಮೇಲೆ ಸಣ್ಣಮೀನು ಹರವುತ್ತ. "ಡೊಟ್ಸೆ ಯಾರನ್ನ ಪ್ರೀತಿಸ್ತಾನೋ ಅವಳು ಬಾಯಾರಿ ಸಾಯ್ತಾಳೆ. ಮಾಟ ಆಗಿದೆ ಅವನಿಗೆ."

ಎಸಿನಾಮ್ ಗಹಗಹಿಸಿ ನಕ್ಕಳು. "ಬಾಯಾರಿಕೇನಾ? ಅದು ನನ್ನ ಹಳೇ ಗೆಳತಿ ಚಿಕ್ಕಮ್ಮಾ. ಇಬ್ರೂ ಸೇರಿ ಎಷ್ಟು ಬಾಟ್ಲಿ ಖಾಲಿ ಮಾಡಿದೀವಿ ಗೊತ್ತಾ?"

"ನಗು, ನಗು. ಹಿಂದೆ ಒಬ್ಬಳು ಹೆದರಿ ಗಡಿಯಾಚೆ ಲೋಮೆ ಪಟ್ಟಣಕ್ಕೆ ಓಡಿಹೋದ್ಲು. ಅಲ್ಲೇ ಸತ್ಲು, ತುಂಬಿದ ಕೊಡದ ಪಕ್ಕದಲ್ಲಿ."

ಎಸಿನಾಮ್ ಅಕ್ರಾ ನಗರದಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಕೈಗೆ ಬಂದ ಒಳ್ಳೆಯದನ್ನೆಲ್ಲ ತಾನೇ ಒಡೆದುಕೊಂಡವಳು. ಗಂಡ, ಅಂಗಡಿ, ಹೆಸರು, ಎಲ್ಲವನ್ನೂ ತಾಳೆ ಸಾರಾಯಿಯಲ್ಲಿ ಕರಗಿಸಿ, ಕುಡಿತ ಬಿಡಲೆಂದು ಚಿಕ್ಕಮ್ಮನ ಊರು ಕೇಟಾಕ್ಕೆ ಬಂದಿದ್ದಳು. ಒಂದು ಕಡೆ ಮೊರೆಯುವ ಸಮುದ್ರ, ಇನ್ನೊಂದು ಕಡೆ ಸತ್ತಂತೆ ಮಲಗಿದ ಉಪ್ಪು ಹಿನ್ನೀರು. ನಡುವೆ ಸೆರಗಿನಷ್ಟು ಮರಳು. ಓಡಿಹೋಗಲು ಜಾಗವೇ ಇರಲಿಲ್ಲ.

ಡೊಟ್ಸೆಯ ಅಂಗಳದ ಬೇವಿನ ಮರದ ಕೆಳಗಿನ ಮಗ್ಗದ ಲಟಕ್ ಲಟಕ್ ಸದ್ದು ಅವಳನ್ನು ದಿನವೂ ಎಳೆಯುತ್ತಿತ್ತು. ಡೊಟ್ಸೆ ಹೆಚ್ಚು ಮಾತಾಡುವವನಲ್ಲ. ಸಾರಾಯಿಗಾಗಿ ಅವಳ ಕೈ ನಡುಗಿದಾಗ ಸುಮ್ಮನೆ ಆ ಕೈಗೆ ನೂಲಿನ ಲಡಿ ಕೊಡುತ್ತಿದ್ದ. ಸುತ್ತುತ್ತ ಸುತ್ತುತ್ತ ನಡುಕ ನಿಲ್ಲುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಅವನ ಮನೆಯಲ್ಲೇ ಇದ್ದಳು.

ಮೊದಲು ನಾಲಿಗೆ ಒರಟಾಯಿತು. ಆಮೇಲೆ ತುಟಿ ಬಿರಿಯಿತು. ಕೊಡಗಟ್ಟಲೆ ಕುಡಿದರೂ ಗಂಟಲು ಸುಟ್ಟ ಮಡಕೆಯಂತೆ. ಇದು ಹಳೆಯ ಚಟ, ಮೈ ಸಾರಾಯಿ ಕೇಳುತ್ತಿದೆ ಎಂದುಕೊಂಡಳು. ಗುಟ್ಟಾಗಿ ಒಂದು ಬಾಟಲಿ ತಂದಳು. ಅದೂ ಒಲೆಯ ಬೂದಿಯಂತೆ ಇಳಿಯಿತು. ಒಂದು ಮುಂಜಾನೆ ಎಚ್ಚರವಾದಾಗ ಹಿನ್ನೀರಿನಲ್ಲಿ ಮೊಣಕಾಲೂರಿ, ಕೊಳೆತ ಪಾಚಿಯ ವಾಸನೆಯ ಉಪ್ಪುನೀರನ್ನು ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದಳು. ಜೇನಿನಂತಿತ್ತು.

ಡೊಟ್ಸೆ ಅವಳನ್ನು ಎಳೆದು ತಂದ. ಅಂದೇ ಬಾಯಿ ಬಿಟ್ಟ.

"ಸಮುದ್ರದಲ್ಲಿ ದೋಣಿ ಕೆಟ್ಟು ನಿಂತಿತ್ತು. ನಾನು, ನನ್ನ ಹೆಂಡತಿ ಯಾವಾ. ಕೊನೇ ಗುಟುಕು ನೀರಿತ್ತು. ಅವಳು ನಿದ್ದೆ ಮಾಡ್ತಿದ್ಲು. ನಾನು ಕುಡಿದ್ಬಿಟ್ಟೆ." ಅವನು ಮುಖ ಮುಚ್ಚಿಕೊಂಡ. "ಅವಳಮ್ಮ ಅಬ್ಲಾ ನನ್ನ ಬಾಯಿಗೆ ಉಪ್ಪು ತುರುಕಿ ಶಪಿಸಿದ್ಲು. ನನ್ನ ಮಗಳು ಸತ್ತ ಹಾಗೇ ನೀನು ಪ್ರೀತಿಸಿದೋಳು ಸಾಯ್ಲಿ, ನೀನು ನೋಡ್ತಾ ಇರು ಅಂತ."

"ಹಾಗಾದ್ರೆ ನನ್ನ ಪ್ರೀತಿಸ್ಬೇಡ."

"ಕುಡುಕಿ! ತೊಲಗು! ನಿನ್ನ ಮುಖ ಕಂಡ್ರೆ ಅಸಹ್ಯ ನಂಗೆ!" ಎಂದು ಕಿರುಚಿದ. ಕಿರುಚುತ್ತಲೇ ಅತ್ತ. ಅವಳ ಗಂಟಲು ಇನ್ನಷ್ಟು ಉರಿಯಿತು.

ಎಸಿನಾಮ್ ಉಪ್ಪು ಮಾರುವ ಅಬ್ಲಾ ಅಜ್ಜಿಯ ಗುಡಿಸಲಿಗೆ ಹೋಗಿ ಕಾಲು ಹಿಡಿದಳು. ಅಜ್ಜಿ ಅವಳ ಬಿರಿದ ತುಟಿಗಳನ್ನೇ ನೋಡಿದಳು.

"ನಿನ್ಮೇಲೆ ನಂಗೇನೂ ಸಿಟ್ಟಿಲ್ಲ ಮಗಾ." ಸೋರೆಬುರುಡೆಯಲ್ಲಿ ನೀರು ತುಂಬಿ, ಅದರ ಮೇಲೆ ಏನೋ ಪಿಸುಗುಟ್ಟಿ ಕೊಟ್ಟಳು. "ಇದನ್ನ ಒಂದು ಹನೀನೂ ಬಿಡದೆ ಅವನಿಗೆ ಕುಡಿಸು. ನೀನು ಯಾರಂತ ಮರೀತಾನೆ. ತಕ್ಷಣ ಊರು ಬಿಡು. ಅವನು ಮತ್ತೆ ಮನಸು ಕೊಟ್ರೆ, ಕೊಡೋಕೆ ನನ್ಹತ್ರ ಎರಡನೇ ಸಲದ ನೀರಿಲ್ಲ."

ಉರಿಬಿಸಿಲು. ಎರಡೂ ಬದಿ ಬೆಳ್ಳಗೆ ಕುದಿಯುವ ಉಪ್ಪಿನ ಗದ್ದೆ. ಕೈಯಲ್ಲಿ ತಣ್ಣನೆಯ ನೀರು. ಕುಲುಕುತ್ತಿದೆ. ಕರೆಯುತ್ತಿದೆ. ಒಂದೇ ಗುಟುಕು. ಯಾರಿಗೆ ಗೊತ್ತಾಗುತ್ತದೆ? ಆ ದನಿ ಅವಳಿಗೆ ಗೊತ್ತು. ಪ್ರತಿ ಬಾಟಲಿಯ ಮುಂದೆಯೂ ಹೀಗೇ ಮಾತಾಡಿತ್ತು. ಅವಳದೇ ದನಿ. ಬುರುಡೆ ತುಟಿಯವರೆಗೆ ಬಂತು. ತುಟಿ ಒದ್ದೆಯಾಯಿತು. ಕಚ್ಚಿ ರಕ್ತ ಬರಿಸಿಕೊಂಡಳು. ನಡೆದಳು. ಬಿದ್ದಳು. ಬುರುಡೆಯನ್ನು ಎದೆಗವಚಿಕೊಂಡೇ ಎದ್ದಳು.

ಡೊಟ್ಸೆಗೆ ಎಲ್ಲ ಹೇಳಿದಳು. ಅವನು ಅವಳ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿ ಗಟಗಟನೆ ಕುಡಿದ.

ಅವನ ಕಣ್ಣುಗಳು ತಿಳಿಯಾದವು. "ಯಾರಮ್ಮಾ ನೀವು? ಬಿಸಿಲಲ್ಲಿ ಬಂದಿದೀರಿ, ನೀರು ಕುಡೀರಿ."

ಅವನು ಮೊಗೆದು ಕೊಟ್ಟ ನೀರು ಸಿಹಿಯಾಗಿತ್ತು. ಗಂಟಲಿನಲ್ಲಿ ತಂಪು ಇಳಿಯಿತು. ಬದುಕಿಕೊಂಡಳು. ಸಾರಾಯಿಯ ನೆನಪೂ ಬರಲಿಲ್ಲ.

ಬೀದಿಯಲ್ಲಿ ಅಕ್ರಾದ ವ್ಯಾನು ಹಾರನ್ ಹೊಡೆಯುತ್ತಿತ್ತು. ಮೊದಲೇ ಎಲ್ಲ ತಿಳಿದಿದ್ದ ಚಿಕ್ಕಮ್ಮ ಅವಳ ಗಂಟು ಹಿಡಿದು ಕೂಗುತ್ತಿದ್ದಳು, "ಬಾರೇ! ಜೀವ ಉಳೀತಲ್ಲ, ಹತ್ತೇ!"

ಎಸಿನಾಮ್ ಅಂಗಳದ ಬೇಲಿಬಾಗಿಲವರೆಗೆ ಹೋದಳು. ಹಿಂದೆ ಮಗ್ಗ ಲಟಕ್ ಎಂದಿತು. ಅಕ್ರಾದಲ್ಲಿ ಅವಳಿಗಾಗಿ ಒಂದು ಖಾಲಿ ಕೋಣೆಯಿತ್ತು. ಇಲ್ಲಿ ಸಾವಿತ್ತು, ನಡುಗುವ ಕೈಗೆ ನೂಲು ಕೊಟ್ಟವನಿದ್ದ. ಹೋಗು, ಎಂದಿತು ಬುದ್ಧಿ.

ತಿರುಗಿ ಬಂದು ಮಗ್ಗದ ಪಕ್ಕದ ಮಣೆಯ ಮೇಲೆ ಕುಳಿತಳು.

"ಬಟ್ಟೆ ಬೇಕಿತ್ತಾ?" ಅವನು ನಕ್ಕ. "ಹೆಸರೇನು?"

ಅವಳು ಹೇಳಿದಳು.

ವ್ಯಾನಿನ ಸದ್ದು ಮರಳಿನ ದಾರಿಯಲ್ಲಿ ದೂರವಾಯಿತು.

"ಎಸಿನಾಮ್," ಎಂದ ಡೊಟ್ಸೆ, ಕೈ ನಿಲ್ಲಿಸಿ. ಮತ್ತೊಮ್ಮೆ, ಮೆಲ್ಲಗೆ, "ಎಸಿನಾಮ್."

ಅವಳ ನಾಲಿಗೆ ಮತ್ತೆ ಒಣಗಿ ಅಂಗುಳಿಗೆ ಅಂಟಿಕೊಂಡಿತು.