ಹರಿಣಾಕ್ಷಿಗೆ ಬಂದ ಸಂಬಂಧ

"ನಾನು ಆ ಮನೆಯ ಮೆಟ್ಟಿಲು ಹತ್ತುದಿಲ್ಲ! ಸತ್ತರೂ ಹತ್ತುದಿಲ್ಲ!"

ಲೋಲಾಕ್ಷಿ ಸೌಟನ್ನು ಪಾತ್ರೆಗೆ ಕುಕ್ಕಿದ ರಭಸಕ್ಕೆ ಬಂಗುಡೆ ಸಾರು ಹಾರಿ ಸಂಕಪ್ಪನ ಬಿಳಿ ಬನಿಯನ್ನಿನ ಮೇಲೆ ಬಿತ್ತು. ಶುಕ್ರವಾರದ ಮಧ್ಯಾಹ್ನ, ಮಸ್ಕತ್ತಿನ ಅಲ್ ಗುಬ್ರಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಊಟಕ್ಕೆ ಕುಳಿತಿದ್ದರು. ಪಾಪ, ಸಂಕಪ್ಪ ಕೇಳಬಾರದ್ದೇನನ್ನೂ ಕೇಳಿರಲಿಲ್ಲ. "ಜೂನ್ ಕೊನೆಗೆ ವೀಸಾ ಕ್ಯಾನ್ಸಲ್. ಇನ್ನು ಊರಿಗೆ ಹೋಗುವ ಅಲ್ವಾ?" ಎಂದಿದ್ದ, ಅಷ್ಟೇ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಬಂದವನು, ಈಗ ತೊಂಬತ್ತೈದು. ಇಪ್ಪತ್ತೊಂದು ವರ್ಷ ಪರರ ಸ್ಟೋರಿನಲ್ಲಿ ಪೈಪು, ವಾಲ್ವು ಎಣಿಸಿದ ಮನುಷ್ಯ ಅರುವತ್ತಕ್ಕೆ ಬಂದಾಗ ಊರಿನ ಹೆಸರು ಎತ್ತಿದರೆ ಅದು ಅಪರಾಧವೇ?

ಆದರೆ ಊರು ಎಂದರೆ ಕುಟುಂಬದ ಮನೆ. ಆ ಮನೆ ಎಂದರೆ ಸಂಕಪ್ಪನ ಅಕ್ಕ ಕುಸುಮ. ಕುಸುಮ ಎಂಬ ಹೆಸರು ಕೇಳಿದರೆ ಸಾಕು, ಲೋಲಾಕ್ಷಿಯ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

"ಆ ಮನೆ ಬೇಡ ಮಾರಾಯ್ತಿ. ಮಂಗಳೂರಲ್ಲಿ ಸಣ್ಣದೊಂದು ಬಾಡಿಗೆ ಮನೆ ಮಾಡುವ."

"ಮಂಗಳೂರಲ್ಲಿ ಕೂತು ಆ ಮನೆಯ ಮದುವೆಗೆ ಹೋಗದೆ, ಸತ್ತವರ ಬೊಜ್ಜಕ್ಕೆ ಹೋಗದೆ ಇರ್ಲಿಕ್ಕೆ ಆಗ್ತದಾ? ನಾಲ್ಕು ಜನ ಎಂತ ಹೇಳಿಯಾರು? ಒಲಿಂಡಾ ಬಾಯಿ ಕರೀತಾ ಇದ್ದಾರಲ್ಲ... ಅಲ್ಲಿಗೇ ಹೋಗುವ. ಥಾಯ್ಲೆಂಡಿಗೇ ಹೋಗುವ!"

ಈ ಥಾಯ್ಲೆಂಡಿನ ಕಥೆ ಶುರುವಾದದ್ದು ಕ್ಲಾರೆನ್ಸ್ ಮತ್ತು ಒಲಿಂಡಾರಿಂದ. ಎದುರಿನ ಫ್ಲ್ಯಾಟಿನಲ್ಲಿ ಹದಿನೈದು ವರ್ಷ ಇದ್ದ ಮಂಗಳೂರಿನ ಕ್ರೈಸ್ತ ದಂಪತಿ. ಕ್ಲಾರೆನ್ಸ್ ನಿವೃತ್ತನಾದ ಮೇಲೆ ಅವರು ಊರಿಗೆ ಹೋಗದೆ ಥಾಯ್ಲೆಂಡಿನ ಒಂದು ಕಡಲೂರಿಗೆ ಹೋಗಿ ಆರು ಕೋಣೆಗಳ ಪುಟ್ಟ ಅತಿಥಿಗೃಹ ನಡೆಸುತ್ತಿದ್ದರು. ಸಂಕಪ್ಪ ಲೆಕ್ಕಪತ್ರ, ಸಾಮಾನು ನೋಡಿಕೊಳ್ಳಲಿ, ಲೋಲಾಕ್ಷಿ ಅಡುಗೆಮನೆ ವಹಿಸಿಕೊಳ್ಳಲಿ, ಅತಿಥಿಗೃಹದ ಹಿಂಬದಿಯ ಮನೆಯಲ್ಲಿ ಸಾಯುವ ತನಕ ಇರಲಿ ಎಂದು ಕರೆ. "ತೆಂಗಿನಮರ ಉಂಟು, ಮೀನುಂಟು, ಕುಚ್ಚಲಕ್ಕಿ ಒಂದಿಲ್ಲ. ನಮ್ಮ ಊರಿನ ಹಾಗೆಯೇ ಲೋಲಾಕ್ಷಿ, ಊರಿನವರು ಮಾತ್ರ ಇಲ್ಲ!" ಎಂದು ಒಲಿಂಡಾ ಫೋನಿನಲ್ಲಿ ನಕ್ಕಿದ್ದಳು. ಲೋಲಾಕ್ಷಿಗೆ ಬೇಕಾಗಿದ್ದದ್ದೂ ಅದೇ, ಊರಿನವರು ಇಲ್ಲದ ಊರು!

ಅವಳ ಈ ಹಟಕ್ಕೆ ಕಾರಣವಿತ್ತು. ಅದನ್ನು ಒಮಾನಿನಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ, ಒಲಿಂಡಾಳಿಗೂ ಹೇಳಿರಲಿಲ್ಲ. ಎಪ್ಪತ್ತಾರನೆಯ ಇಸವಿಯ ಸುಗ್ಗಿ ತಿಂಗಳಲ್ಲಿ, ಮಾರ್ಚ್ ಕೊನೆಗೆ, ಅವಳಿಗೊಂದು ಹೆಣ್ಣು ಮಗು ಹುಟ್ಟಿತ್ತು. ಹೆಸರು ಹರಿಣಾಕ್ಷಿ. ಹಿಂದಿನ ವರ್ಷ ರಜೆಗೆ ಬಂದುಹೋಗಿದ್ದ ಸಂಕಪ್ಪ ಆಗ ಒಮಾನಿನ ಸಹಮ್ ಪಟ್ಟಣದ ಪಂಪುಸೆಟ್ಟಿನ ಅಂಗಡಿಯಲ್ಲಿದ್ದ, ಮಗುವಿನ ಮುಖ ನೋಡಿರಲಿಲ್ಲ. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಲೋಲಾಕ್ಷಿ ತವರಿಗೆ ಹೊರಟಳು. "ಮಳೆಯಲ್ಲಿ ಮಗುವನ್ನು ಕೊಂಡುಹೋಗಬೇಡ" ಎಂದಿದ್ದಳು ಕುಸುಮ. ಲೋಲಾಕ್ಷಿ ಕೇಳಲಿಲ್ಲ. ಬಸ್ಸಿನಲ್ಲೇ ಮಗುವಿಗೆ ಜ್ವರ ಏರಿತು... ಮೂರನೆಯ ದಿನ ಎಲ್ಲ ಮುಗಿದುಹೋಯಿತು! ಬರಿಗೈಯಲ್ಲಿ ಹಿಂದೆ ಬಂದ ಆ ಬಾಣಂತಿಯನ್ನು ಕುಸುಮ ಮೆಟ್ಟಿಲಲ್ಲೇ ತಡೆದು, ಇಡೀ ಕೇರಿ ಕೇಳುವಂತೆ ಅಂದದ್ದು ಒಂದೇ ಮಾತು, "ಮಗುವನ್ನು ತಿಂದು ಬಂದಿಯಾ?" ಅಯ್ಯೋ, ಆಡುವವರಿಗೇನು, ಆಡಿ ಮುಗಿಸುತ್ತಾರೆ. ಕೇಳಿದವರು ಅದನ್ನು ಹತ್ತೊಂಬತ್ತು ವರ್ಷ ಹೊರಬೇಕಾಗುತ್ತದೆ. ಟೆಲಿಗ್ರಾಂ ಸಹಮ್‌ಗೆ ಮುಟ್ಟಿದ್ದು ಹನ್ನೊಂದು ದಿನದ ಮೇಲೆ. ಮರುವರ್ಷ ಸಂಕಪ್ಪ ಹೆಂಡತಿಯನ್ನು ಕರೆಸಿಕೊಂಡ. ಆಮೇಲೆ ಮಕ್ಕಳಾಗಲಿಲ್ಲ. ರಜೆಯಲ್ಲಿ ಅವನೊಬ್ಬನೇ ಅಕ್ಕನ ಮನೆಗೆ ಹೋಗಿ ಬರುತ್ತಿದ್ದ, ಅವಳು ತವರಿನಲ್ಲಿ ಉಳಿಯುತ್ತಿದ್ದಳು. ಮಗುವಿನ ಹೆಸರನ್ನು ಅವರಿಬ್ಬರೂ ಒಬ್ಬರ ಮುಂದೊಬ್ಬರು ಎತ್ತಿದ್ದೇ ಇಲ್ಲ.

ಈಗ ಹೇಳಿ, ಸಂಕಪ್ಪ ಏನು ಮಾಡಬೇಕು? ಅತ್ತ ಹೆತ್ತತಾಯಿಯ ಹಾಗೆ ಸಾಕಿದ ಅಕ್ಕ, ಇತ್ತ ಇಷ್ಟು ವರ್ಷ ಹಗಲಿರುಳು ಜೊತೆಗಿದ್ದ ಹೆಂಡತಿ. ಅವನು ಬನಿಯನ್ನಿನ ಮೇಲಿನ ಸಾರು ಒರೆಸಿಕೊಂಡ. ಕೊನೆಗೆ ಕೈ ತೊಳೆದು ಬಂದು ಅವಳ ಪಕ್ಕದಲ್ಲಿ ನಿಂತ.

"ಆಯ್ತು. ಕ್ಲಾರೆನ್ಸಿಗೆ ಹೇಳ್ತೇನೆ. ನೀನಿಲ್ಲದ ಊರು ನನಗೆಂತಕ್ಕೆ?"

ಗೆದ್ದ ಲೋಲಾಕ್ಷಿ ನಗಬೇಕಿತ್ತು. ಆದರೆ ಅವಳು ಸೆರಗು ಬಾಯಿಗೊತ್ತಿ ಬಿಕ್ಕಿದಳು... ಗಂಡನ ಆಸೆಗೆ ತಾನೇ ಕಲ್ಲು ಹಾಕಿದೆ ಎಂದು ಅವಳಿಗೆ ಗೊತ್ತಿತ್ತು. ಕ್ಲಾರೆನ್ಸ್ ಫೋನಿನಲ್ಲೇ ಕುಣಿದಾಡಿದ. ಮುಂದಿನ ಶುಕ್ರವಾರ ಸಂಜೆ ಫೋನ್ ಮಾಡುತ್ತೇನೆ, ಆಗ ಕೊನೆಯ ಮಾತು ಹೇಳಿ, ಕಾಗದಪತ್ರ ಶುರು ಮಾಡಿಸುತ್ತೇನೆ ಎಂದ.

ನಡುವೆ ಬುಧವಾರ ಬಂತಲ್ಲ! ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಕುಂಞಾಲಿ ಎರಡು ತಿಂಗಳ ರಜೆ ಮುಗಿಸಿ ಅಂದು ಊರಿನಿಂದ ವಾಪಸಾಗಿದ್ದ. ಕುಸುಮಳ ಮನೆಯಿಂದ ಎರಡು ಗದ್ದೆ ದಾಟಿದರೆ ಅವನ ಮನೆ. ಹಪ್ಪಳದ ಕಟ್ಟೊಂದನ್ನು ಹಿಡಿದುಕೊಂಡು ಮೇಲೆ ಬಂದವನು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಲೋಲಾಕ್ಷಕ್ಕಾ, ಕುಸುಮಕ್ಕ ಒಂದು ಮಾತು ಹೇಳಿ ಕಳಿಸಿದ್ದಾರೆ. ನಿಮಗೇ ಹೇಳ್ಬೇಕಂತೆ, ಸಂಕಪ್ಪಣ್ಣನಿಗಲ್ಲ."

"ನನಗಾ? ಅವರಿಗೆ ನನ್ನ ಹತ್ರ ಎಂತ ಮಾತು?"

"ಒಂದು ಸಂಬಂಧ ಬಂದಿದೆ ಅಂತೆ. ಶುಕ್ರವಾರ ನಮ್ಮ ಊರಿನ ಇಸುಬಾಕನ ಎಸ್‌ಟಿಡಿ ಬೂತಿನಲ್ಲಿ ಕಾಯ್ತಾರಂತೆ. ಇಲ್ಲಿಯ ನಾಲ್ಕು ಗಂಟೆಗೆ ನೀವು ಫೋನ್ ಮಾಡ್ಬೇಕಂತೆ. ನಂಬರ್ ಈ ಚೀಟಿಯಲ್ಲಿ ಬರೆದುಂಟು. ನಾನು ಹೋಗ್ತೇನೆ, ಅಂಗಡಿ ತೆರೆದಿಟ್ಟು ಬಂದಿದ್ದೇನೆ."

ಬಾಗಿಲು ಹಾಕಿಕೊಂಡ ಮೇಲೆ ಲೋಲಾಕ್ಷಿ ಸಿಡುಕಿದಳು. "ಯಾರಿಗೆ ಸಂಬಂಧ? ಅವರ ಮಕ್ಕಳದ್ದೆಲ್ಲ ಆಗಿದೆಯಲ್ಲ?"

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಸಂಕಪ್ಪ ಹೊರಗೆ ಬಂದ. ಅವನಿಗೆ ಅರ್ಥವಾಗಿತ್ತು. "ಹರಿಣಾಕ್ಷಿಗೆ..." ಎಂದ. ಆ ಹೆಸರು ಆ ಫ್ಲ್ಯಾಟಿನೊಳಗೆ ಕೇಳಿಸಿದ್ದು ಅದೇ ಮೊದಲು.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಎಳವೆಯಲ್ಲಿ ತೀರಿಹೋದ ಮಕ್ಕಳು ಹೋದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂದು ಅಲ್ಲಿ ನಂಬಿಕೆ. ಪ್ರಾಯಕ್ಕೆ ಬಂದವರಿಗೆ ಮದುವೆ ಮಾಡಬೇಡವೇ? ಹಾಗೆಯೇ ಮಗನನ್ನು ಕಳಕೊಂಡ ಇನ್ನೊಂದು ಮನೆಯಿಂದ ಗಂಡು ನೋಡುತ್ತಾರೆ, ಮಾತುಕತೆ ಆಡುತ್ತಾರೆ, ಮಳೆಗಾಲದ ಆಟಿ ತಿಂಗಳಲ್ಲಿ ಸೀರೆ, ಬಳೆ, ಕರಿಮಣಿ, ಮಲ್ಲಿಗೆ ಇಟ್ಟು, ಎರಡು ಕಡೆಯವರೂ ಕೂಡಿ, ಎಲೆ ಹಾಕಿ ಬಡಿಸಿ ಮದುವೆ ಮಾಡಿಸುತ್ತಾರೆ. ಕುಲೆ ಮದುವೆ ಎನ್ನುತ್ತಾರೆ ಅದಕ್ಕೆ. ನಗುವವರು ನಗಲಿ. ಮಗುವನ್ನು ಕಳಕೊಂಡವರು ನಗುವುದಿಲ್ಲ.

"ಕೊಂದವಳು ಅಂತ ಹೇಳಿದ ಬಾಯಿಯೇ ಈಗ ಮದುವೆ ಮಾತಾಡ್ತದಾ? ನಾನು ಫೋನ್ ಮಾಡುದಿಲ್ಲ!" ಎಂದಳು ಲೋಲಾಕ್ಷಿ. ಬುಧವಾರ ರಾತ್ರಿಯೂ ಹಾಗೆಯೇ ಅಂದಳು, ಗುರುವಾರವೂ ಅಂದಳು. ಶುಕ್ರವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದು ಫೋನಿನ ಮುಂದೆ ಕುಳಿತಳು. ಸಂಕಪ್ಪ ನಂಬರ್ ಒತ್ತಿಕೊಟ್ಟು ಬಾಗಿಲ ಹೊರಗೆ ಹೋಗಿ ನಿಂತ.

"ಹಲೋ! ಹಲೋ! ಯಾರು, ಲೋಲಾಕ್ಷಿಯಾ?" ಕುಸುಮಳ ಕೂಗು ಹೊರಗೆ ನಿಂತಿದ್ದ ಸಂಕಪ್ಪನಿಗೂ ಕೇಳಿಸಿತು. ಮಸ್ಕತ್ತಿಗೆ ಮುಟ್ಟಬೇಕಾದರೆ ಅಷ್ಟು ಕೂಗಲೇಬೇಕು ಎಂದುಕೊಂಡಿದ್ದಳು ಅವಳು.

"ನಾನೇ. ಹೇಳಿ ಅತ್ತಿಗೆ."

"ಮೂಲ್ಕಿ ಕಡೆಯವರು. ಒಳ್ಳೆ ಮನೆತನ. ಅವರ ಹುಡುಗ ಹಾಲು ಕುಡಿಯುವಾಗಲೇ ಹೋದದ್ದಂತೆ. ನಮ್ಮ ಹುಡುಗಿ ಇರುದು ಗೊತ್ತಾಗಿ ಕೇಳಿಕೊಂಡು ಬಂದಿದ್ದಾರೆ. ತಾಯಿ ಒಪ್ಪದೆ ನಾನು ಮಾತು ಕೊಡುದಿಲ್ಲ ಅಂತ ಹೇಳಿದ್ದೇನೆ."

ತಾಯಿ! ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಲೋಲಾಕ್ಷಿಯನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಆದರೂ ಅವಳು ಬಿಟ್ಟುಕೊಡಲಿಲ್ಲ.

"ತಾಯಿಯಾ? ಮಗುವನ್ನು ತಿಂದವಳು ಅಂತ ಹೇಳಿದ್ದಿರಲ್ಲ... ಮೆಟ್ಟಿಲಲ್ಲಿ ನಿಂತು ಹೇಳಿದ್ದಿರಲ್ಲ ಅತ್ತಿಗೆ!"

ಈ ಸಲ ಅತ್ತಲಿಂದ ಬಂದ ಸ್ವರ ಕೂಗುವ ಸ್ವರವಾಗಿರಲಿಲ್ಲ.

"ಅದನ್ನೇ ಹೇಳ್ಲಿಕ್ಕೆ ಕರೆಸಿದ್ದು. ನೀನು ಹೊರಟ ದಿನ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ಯಾರು?"

"ನೀವು."

"ಹಾಂ, ನಾನು. ಆಗಲೇ ಅದರ ಮೈ ಬಿಸಿ ಇತ್ತು ಲೋಲಾಕ್ಷಿ... ನನಗೆ ಗೊತ್ತಾಗಿತ್ತು. ಬಿಸಿನೀರಿನ ಬಿಸಿ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿದ ಮಾತು ಕೇಳದೆ ಹೊರಟಿದ್ದೀ ಅಂತ ಸಿಟ್ಟು ಬೇರೆ. 'ಮೈ ಬಿಸಿ ಉಂಟು, ನಿಲ್ಲು' ಅಂತ ಒಂದು ಮಾತು ನಾನು ಹೇಳಲಿಲ್ಲ... ಜ್ವರ ನಿನ್ನ ಬಸ್ಸಿನದ್ದಲ್ಲ, ಮಳೆಯದ್ದಲ್ಲ. ನನ್ನ ಕೈಯಲ್ಲಿರುವಾಗಲೇ ಇತ್ತು. ಪಾಪ ನನ್ನದು. ಅದಕ್ಕೇ ನಿನ್ನ ಮೇಲೆ ಹಾಕಿದೆ. ಅಷ್ಟು ಜೋರಾಗಿ ಹೇಳಿದ್ದೂ ಅದಕ್ಕೇ..."

ಕೇಳಿದಿರಾ? ಯಾವ ಕಲ್ಲನ್ನು ಎದೆಯ ಮೇಲೆ ಹೊತ್ತು ಒಬ್ಬ ಹೆಂಗಸು ದೇಶ ಬಿಟ್ಟಳೋ, ಇನ್ನೊಂದು ದೇಶಕ್ಕೆ ಹೋಗಲು ಹೊರಟಿದ್ದಳೋ, ಆ ಕಲ್ಲು ಅವಳದ್ದೇ ಆಗಿರಲಿಲ್ಲ!

"ಹತ್ತೊಂಬತ್ತು ವರ್ಷ ಅತ್ತಿಗೆ!" ಲೋಲಾಕ್ಷಿ ಕಿರಿಚಿದಳು. "ನಾನೇ ಕೊಂದೆ, ನಾನೇ ಕೊಂದೆ ಅಂತ... ಇವರ ಮುಖ ನೋಡ್ಲಿಕ್ಕೂ ನಾಚಿಕೆ ನನಗೆ! ಮಗಳನ್ನು ಒಂದು ದಿನ ಎತ್ತಿಕೊಳ್ಳಲಿಲ್ಲ ಇವರು! ನೀವು ಈಗ ಹೇಳುದಾ? ಈಗಲಾ?"

"ಬಯ್ಯಿ. ಎಷ್ಟು ಬೇಕಾದರೂ ಬಯ್ಯಿ. ಕೇಳ್ಲಿಕ್ಕೇ ಕೂತಿದ್ದೇನೆ."

ಲೋಲಾಕ್ಷಿ ಬಯ್ದಳು. ಬಾಯಿಗೆ ಬಂದದ್ದನ್ನೆಲ್ಲ ಬಯ್ದಳು. ಇಷ್ಟು ಕಾಲ ನುಂಗಿಕೊಂಡದ್ದನ್ನೆಲ್ಲ, ಕನ್ನಡದಲ್ಲಿ ಸಾಲದೆ ತುಳುವಿನಲ್ಲಿಯೂ, ಅಳುತ್ತಾ ಅಳುತ್ತಾ ಸುರಿದಳು. ಅತ್ತಲಿಂದ "ಹೂಂ... ಹೂಂ..." ಎಂದು ಅಳು ಕೇಳುತ್ತಿತ್ತು. ಬಯ್ದು ಬಯ್ದು ಅವಳಿಗೇ ಸುಸ್ತಾಯಿತು.

"ಅವಳಿಗೆ ನಾನು ಏನೂ ಕಡಿಮೆ ಮಾಡಲಿಲ್ಲ ಲೋಲಾಕ್ಷಿ," ಎಂದಳು ಕುಸುಮ, ಮೂಗೊರೆಸಿಕೊಳ್ಳುತ್ತಾ. "ದೀಪಾವಳಿಗೆ ಹಿರಿಯರಿಗೆ ಎಲೆ ಹಾಕುವಾಗ ಅವಳಿಗೂ ಒಂದು ಎಲೆ. ಪ್ರತಿ ವರ್ಷ ಬಳೆ ತಗೊಳ್ತೇನೆ, ಹಳೆಯದಕ್ಕಿಂತ ಒಂದು ಅಳತೆ ದೊಡ್ಡದು. ಯಾರಿಗೆ ಅಂತ ಬಳೆಗಾರ ಕೇಳಿದರೆ ನಮ್ಮ ಹುಡುಗಿಗೆ ಅಂತೇನೆ. ಈ ವರ್ಷ ದೊಡ್ಡ ಹೆಂಗಸಿನ ಅಳತೆ ಆಯ್ತು. ಆಗ ನನಗೆ ಅನ್ನಿಸಿತು, ಇನ್ನು ತಾಯಿ ಬರದಿದ್ದರೆ ಆಗುದಿಲ್ಲ ಅಂತ."

ಲೋಲಾಕ್ಷಿ ಕಣ್ಣು ಮುಚ್ಚಿದಳು. ನಾಲ್ಕು ತಿಂಗಳಿಗೇ ನಿಂತುಹೋಗಿದ್ದ ಮಗಳು ಆ ಮನೆಯಲ್ಲಿ ವರ್ಷ ವರ್ಷವೂ ಬೆಳೆದಿದ್ದಳು! ತಾನು ಹೆಸರೆತ್ತಲೂ ಹೆದರಿದ ಮಗಳಿಗೆ, ತನ್ನನ್ನು ಹೊರಗಟ್ಟಿದ ಹೆಂಗಸೇ ಬಳೆ ಕೊಂಡಿದ್ದಳು. ಸಿಟ್ಟು ಹೋಯಿತೇ? ಇಲ್ಲ, ಅಷ್ಟು ಸುಲಭಕ್ಕೆ ಹೋಗುವ ಸಿಟ್ಟಲ್ಲ ಅದು. ಆದರೆ ಸಿಟ್ಟಿನ ಜೊತೆ ಬೇರೇನೋ ಒಳಗೆ ಬಂದು ಕೂತಿತು. ಅವಳು ಗಂಟಲು ಸರಿಮಾಡಿಕೊಂಡಳು.

"ಹುಡುಗ ಹುಟ್ಟಿದ್ದು ಯಾವ ಇಸವಿ?"

"ಆಂ?"

"ಹುಡುಗ, ಹುಡುಗ! ಮೂಲ್ಕಿಯವ. ಹುಟ್ಟಿದ್ದು ಯಾವಾಗ?"

"ಎಪ್ಪತ್ತೇಳು ಅಂತ ಹೇಳಿದ್ದಾರೆ."

"ನಮ್ಮವಳು ಎಪ್ಪತ್ತಾರು! ಹುಡುಗ ಒಂದು ವರ್ಷ ಸಣ್ಣವ ಆಗುದಿಲ್ಲವಾ? ಗಂಡ ಅಂತ ಹೇಗೆ ಮರ್ಯಾದೆ ಕೊಡ್ತಾಳೆ ಅವಳು? ಆಗುದಿಲ್ಲ ಅತ್ತಿಗೆ, ಬೇಡ ಅಂತ ಹೇಳಿ."

"ನಾನೂ ಅದನ್ನೇ ಯೋಚನೆ ಮಾಡಿದ್ದು. ಆದರೆ ಮನೆತನ ಒಳ್ಳೆಯದು..."

"ಮನೆತನ ಕಟ್ಟಿಕೊಂಡು ಎಂತ ಮಾಡುದು? ಇರುವ ಒಬ್ಬಳು ಹುಡುಗಿಯನ್ನು ಸಿಕ್ಕಿದವರಿಗೆ ಕೊಡ್ಲಿಕ್ಕಾಗ್ತದಾ? ಆಟಿಗೆ ಇನ್ನು ಮೂರು ತಿಂಗಳುಂಟು. ಎರಡು ಮೂರು ವರ್ಷ ದೊಡ್ಡ ಹುಡುಗನನ್ನು ನೋಡುವ. ನಾನು ಬಂದೇ ನೋಡ್ತೇನೆ. ನಾನು ಬರುವ ತನಕ ಯಾರಿಗೂ ಮಾತು ಕೊಡಬೇಡಿ."

"ಬರ್ತೀಯಾ?" ಕುಸುಮ ಮತ್ತೆ ಕೂಗಿದಳು. "ಮನೆಗೇ ಬರ್ತೀಯಾ?"

"ಮತ್ತೆ? ಹುಡುಗಿ ಇರುದು ಅಲ್ಲಿ. ತಾಯಿ ಹೋಟೆಲಿನಲ್ಲಿ ಇಳಿಯುದಾ?"

ರಿಸೀವರ್ ಇಟ್ಟು ತಿರುಗಿದರೆ ಸಂಕಪ್ಪ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ. ಅವನ ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು. ಲೋಲಾಕ್ಷಿ ಹೋಗಿ ಅವನ ಪಕ್ಕದಲ್ಲೇ ಕುಳಿತಳು.

"ನಿನ್ನ ತಪ್ಪು ಅಂತ ನಾನು ಒಂದು ದಿನವೂ ಎಣಿಸಿಲ್ಲ," ಎಂದ ಅವನು. "ನೀನು ನೊಂದೀಯಾ ಅಂತ ಅವಳ ಹೆಸರು ತೆಗೆಯಲಿಲ್ಲ... ಅವಳು ಹೇಗಿದ್ದಳು ಲೋಲಾಕ್ಷಿ? ಒಂದು ಸಲ ಹೇಳು, ಹೇಗಿದ್ದಳು?"

"ಬಣ್ಣ ನಿಮ್ಮದೇ, ಕಪ್ಪು. ತಲೆ ತುಂಬ ಕೂದಲು. ಸಿಟ್ಟು ಬಂದರೆ ತುಟಿ ಹೀಗೆ ಮಾಡ್ತಿದ್ದಳು..." ಎಂದು ಅವಳು ಮಾಡಿ ತೋರಿಸಿದಳು. ಇಬ್ಬರೂ ಅಳುತ್ತಲೇ ನಕ್ಕರು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಅವಳು ಹೇಳುತ್ತಲೇ ಇದ್ದಳು, ಅವನು ಕೇಳುತ್ತಲೇ ಇದ್ದ.

ಆರು ಗಂಟೆಗೆ ಫೋನ್ ಬಡಿಯಿತು. ಸಂಕಪ್ಪ ಎದ್ದ. ಲೋಲಾಕ್ಷಿ ಅವನನ್ನು ತಡೆದು ತಾನೇ ಎತ್ತಿದಳು. ಅತ್ತ ಒಲಿಂಡಾ ಇದ್ದಳು, ಎಂದಿನ ಉತ್ಸಾಹದಲ್ಲಿ. "ಲೋಲಾಕ್ಷಿ, ಕಾಗದಪತ್ರ ಶುರು ಮಾಡಿಸುವುದಲ್ವಾ? ನಿಮ್ಮ ಮನೆಗೆ ಸುಣ್ಣ ಹೊಡೆಸಿದ್ದೇನೆ."

"ಬೇಸರ ಮಾಡ್ಬೇಡಿ ಒಲಿಂಡಾ ಬಾಯಿ. ನಮಗೆ ಬರ್ಲಿಕ್ಕಾಗುದಿಲ್ಲ. ಊರಿಗೆ ಹೋಗ್ತಾ ಇದ್ದೇವೆ. ಮಗಳ ಮದುವೆ ಉಂಟು."

"ಮಗಳಾ? ಯಾರ ಮಗಳು? ನಿಮಗೆ ಮಗಳು ಎಲ್ಲಿ ಮಾರಾಯ್ತಿ?"

"ಇದ್ದಾಳೆ ಒಲಿಂಡಾ ಬಾಯಿ," ಎಂದಳು ಲೋಲಾಕ್ಷಿ. "ಹರಿಣಾಕ್ಷಿ ಅಂತ. ಹತ್ತೊಂಬತ್ತು ವರ್ಷ ಆಯ್ತು ಅವಳಿಗೆ."