ಏಳನೇ ಎಳೆ

"ನಿನ್ನ ಮೀಟರು ಇವತ್ತು ಕೋಟ್ ಹಾಕ್ಕೊಂಡಿದ್ದಾನೆ ನೋಡಮ್ಮ, ಥೇಟ್ ಮದುವೆ ಗಂಡು," ಎನ್ನುತ್ತ ವ್ಯಾನಿನ ಡ್ರೈವರಣ್ಣ ಗುಂಡಿಯ ಬಾಯಿಗೆ ಬಗ್ಗಿ ತಮ್ಮ ಫೋನನ್ನು ನನ್ನ ಕಡೆ ಹಿಡಿದರು.

ನಾನು ಕೇಬಲ್ ಗುಂಡಿಯೊಳಗೆ ಮೊಣಕಾಲುದ್ದ ಕೊಳಚೆಯಲ್ಲಿ ನಿಂತಿದ್ದೆ. ಪಕ್ಕದ ಚರಂಡಿ ಒಡೆದು ಅಷ್ಟೂ ನೀರು ಇದರೊಳಕ್ಕೇ ಇಳಿದಿತ್ತು. ಮೂಲೆಯಲ್ಲಿ ಊದಿಕೊಂಡ ಇಲಿಯ ಹೆಣ, ಗೋಡೆ ತುಂಬ ಜಿರಲೆ. ಆ ನಾತ ಮೂಗು ದಾಟಿ ನಾಲಿಗೆಗೆ ಅಂಟಿಕೊಳ್ಳುವಂಥದು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ಜೋಡಿಸುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಜನ ಇಂಟರ್ನೆಟ್ ಎಂದು ಕರೆಯುವುದು ಆ ಎಳೆಗಳೊಳಗೆ ಓಡುವ ಬೆಳಕನ್ನು. ಅದು ಎಂಥ ಹೊಲಸಿನ ನಡುವೆ ಓಡುತ್ತದೆಂದು ಯಾರೂ ಕೇಳುವುದಿಲ್ಲ.

ಫೋನಿನ ಪರದೆಯಲ್ಲಿ ನೇರ ಪ್ರಸಾರ, ಅವನು ವೇದಿಕೆಯ ಮೇಲಿದ್ದ. ಕೈಯಲ್ಲಿ ಅವನ ಕಂಪನಿಯ ಹೊಸ ಡಬ್ಬಿ. ರಸ್ತೆ ಅಗೆಯುವುದೇ ಬೇಡವಂತೆ, ಹಳೇ ಕೇಬಲ್ಲೇ ಸಾಕಂತೆ, ಎರಡು ತುದಿಗೆ ಎರಡು ಡಬ್ಬಿ ಇಟ್ಟರೆ ಈಗಿನ ಸಾವಿರಪಟ್ಟು ವೇಗವಂತೆ. ನೂರು ಸಿನಿಮಾಗಳನ್ನು ನಾಲ್ಕು ಕಿಲೋಮೀಟರ್ ಆಚೆಯ ಕಟ್ಟಡಕ್ಕೆ ಕಳಿಸಿ ತೋರಿಸಿದ. ಒಂದು, ಎರಡು ಎನ್ನುವಷ್ಟರಲ್ಲಿ ನೂರೂ ತಲುಪಿದವು. ಸಭೆ ಚಪ್ಪಾಳೆ ತಟ್ಟಿತು. ಡ್ರೈವರಣ್ಣನೂ ತಟ್ಟಿದರು.

ನಾನು ನನ್ನ ಕೈ ನೋಡಿಕೊಂಡೆ. ಎಡಗೈಯಲ್ಲಿ ಅದೇ ಕೇಬಲ್ಲಿನ ಒಂದು ತುದಿ, ಬಲಗೈಯಲ್ಲಿ ಇನ್ನೊಂದು. ಇಲಿ ಕಡಿದ ಭಾಗವನ್ನು ಕತ್ತರಿಸಿ ಹತ್ತು ನಿಮಿಷವಾಗಿತ್ತು. ಅದರೊಳಗಿನ ಏಳನೇ ಎಳೆ ಅವರ ಕಂಪನಿಯದು, ಹೋದ ತಿಂಗಳು ನಾನೇ ಜೋಡಿಸಿಕೊಟ್ಟದ್ದು. ಆ ಎರಡು ಕಟ್ಟಡಗಳ ನಡುವೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಇಲಿಯ ಹೆಣಕ್ಕೆ ಬಾರದ ವಾಕರಿಕೆ ಆ ಚಪ್ಪಾಳೆಗೆ ಬಂತು.

ಅವನಿಗೆ ಮೀಟರು ಎಂದು ಹೆಸರಿಟ್ಟವಳು ನಾನೇ. ಎರಡು ವರ್ಷದ ಹಿಂದೆ, ಮುಖ ನೋಡುವ ಮೊದಲೇ ದನಿಯ ಪರಿಚಯವಾಗಿತ್ತು. ನಾನು ಗುಂಡಿಯಲ್ಲಿ ಎಳೆ ಜೋಡಿಸಿ "ಬೆಳಕು ಬಂತಾ?" ಎಂದು ಫೋನಿನಲ್ಲಿ ಕೇಳಬೇಕು, ಆ ತುದಿಯಲ್ಲಿ, ಲ್ಯಾಬಿನಲ್ಲಿ ಕೂತು ಅವನು ಬೆಳಕು ಅಳೆಯುವ ಮೀಟರ್ ನೋಡಿ "ಬಂತು" ಎನ್ನಬೇಕು. ಬೇರೆಯವರು ಟೀ ಹೀರುತ್ತಲೇ ಬಂತು ಬಂತು ಎಂದುಬಿಡುತ್ತಾರೆ. ನಾವು ಗುಂಡಿ ಮುಚ್ಚಿ ಮನೆ ಸೇರುವಷ್ಟರಲ್ಲಿ ಮತ್ತೆ ಕರೆ. ಇವನು ಹಾಗಲ್ಲ. ಒಂದು ಸಲ ಮುಕ್ಕಾಲು ಗಂಟೆ "ಇಲ್ಲ ಮೇಡಂ, ಇನ್ನೂ ಒಂಚೂರು ಕಮ್ಮಿ ಇದೆ" ಎಂದು ಸತಾಯಿಸಿದ. ನಾನು ಬೈದೆ, ಅವನು ನಕ್ಕ. ಆ ನಗುವಿಗೆ ಸೋತೆನೋ ಆ "ಇಲ್ಲ"ಕ್ಕೆ ಸೋತೆನೋ, ಇವತ್ತಿಗೂ ಗೊತ್ತಿಲ್ಲ. ಬರಬರುತ್ತ ಮೇಡಂ ಹೋಗಿ ಗುಂಡಿ ರಾಣಿ ಆಯಿತು, ನೀವು ಹೋಗಿ ನೀನು ಆಯಿತು. ಮೊದಲ ಸಲ ಎದುರಾದಾಗ ನನ್ನ ಕೆನ್ನೆಗೆ ಹತ್ತಿದ್ದ ಕೆಸರಿನ ಚುಕ್ಕೆಯನ್ನು ಅವನು ಎಷ್ಟು ಹೊತ್ತು ನೋಡಿದನೆಂದರೆ, ಒರೆಸಿಕೊಳ್ಳಲು ನನಗೇ ಮನಸ್ಸಾಗಲಿಲ್ಲ.

ಈ ಭಾನುವಾರ ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡುವವನಿದ್ದ. ಅಮ್ಮ ಕಿಟಕಿಗೆ ಹೊಸ ಪರದೆ ಹೊಲಿಸಿದ್ದಳು.

ಕತ್ತರಿಸಿ ಬಿಸಾಡಿದ್ದ ಕೇಬಲ್ ತುಂಡನ್ನು ಹೆಕ್ಕಿಕೊಂಡು ಮೇಲೆ ಹತ್ತಿದೆ. ಕೈಕಾಲಾದರೂ ತೊಳೆದುಕೋ ಎಂದರು ಡ್ರೈವರಣ್ಣ. ತೊಳೆಯಲಿಲ್ಲ. ಅವನ ಲ್ಯಾಬು ಎರಡು ಬೀದಿ ಆಚೆ.

ಲ್ಯಾಬಿನ ಸಭಾಂಗಣದಲ್ಲಿ ಟೀ ವಿರಾಮ. ಸೆಂಟಿನ ಘಮ, ಕ್ರೀಮಿನ ವಾಸನೆ, ಹಲ್ಲು ಬಿಟ್ಟುಕೊಂಡು ನಗುವ ಜನ. ನನ್ನ ಬೂಟಿನ ಹೆಜ್ಜೆಗಳನ್ನು ನೋಡಿ ಇಬ್ಬರು ಮೂಗು ಮುಚ್ಚಿಕೊಂಡರು. ಅವನು ಕೇಕಿನ ತಟ್ಟೆ ಹಿಡಿದು ಓಡಿ ಬಂದ. ಕಣ್ಣು ಅಭ್ಯಾಸದಂತೆ ನೇರ ನನ್ನ ಕೆನ್ನೆಗೆ ಹೋಯಿತು, ತುಟಿಯ ಅಂಚಿನಲ್ಲಿ ಆ ಹಳೆಯ ತುಂಟ ನಗು ಹುಟ್ಟಿತು. ನನ್ನ ಕೈಯಲ್ಲಿದ್ದದ್ದು ಕಂಡ ಮೇಲೆ ಅಲ್ಲೇ ಸತ್ತಿತು.

ಇಲಿಯ ಹಲ್ಲಿನ ಗುರುತಿದ್ದ, ಕೊಳಚೆ ತೊಟ್ಟಿಕ್ಕುವ ತುಂಡನ್ನು ಕೇಕಿನ ಪಕ್ಕದಲ್ಲೇ ಇಟ್ಟೆ.

"ಇದು ನಿಮ್ಮ ಲೈನು. ನೀವು ಸಿನಿಮಾ ಕಳಿಸುವಾಗ ಇದು ನನ್ನ ಕೈಲಿತ್ತು."

"ನಿಮ್ಮ" ಎಂದದ್ದು ಅವನಿಗೆ ನಾಟಿತು. ಪಿಸುಗುಟ್ಟುತ್ತ ಎಲ್ಲ ಹೇಳಿದ. ಸಿನಿಮಾಗಳನ್ನು ನಿನ್ನೆಯೇ ಆ ಕಡೆ ಇಟ್ಟಿದ್ದರಂತೆ. ಡಬ್ಬಿ ಸುಳ್ಳಲ್ಲವಂತೆ, ಈ ಮೇಜಿನಿಂದ ಆ ಮೇಜಿಗೆ ನಿಜಕ್ಕೂ ಆ ವೇಗ ಬರುತ್ತದಂತೆ, ದೂರಕ್ಕೆ ಮಾತ್ರ ಇನ್ನೂ ಆರು ತಿಂಗಳು ಬೇಕಂತೆ. ಮದುಮಗಳಿಗೆ ಮೇಕಪ್ ಮಾಡುವುದಿಲ್ಲವೇ, ಇದೂ ಅಷ್ಟೇ ಎಂದಿದ್ದನಂತೆ ಅವನ ಬಾಸ್. ಕೊಳ್ಳುವವರು ಯಾರೆಂದು ಕೇಳಿದೆ. ಕಿಟಕಿಯ ಹತ್ತಿರ ಕನ್ನಡಕ ಒರೆಸುತ್ತಿದ್ದ, ತಲೆ ನರೆತ ಡಾಕ್ಟರಮ್ಮನನ್ನು ತೋರಿಸಿದ. ಆಪರೇಷನ್ ನಡೆಯುತ್ತಿರುವಾಗಲೇ ಸ್ಕ್ಯಾನ್ ಚಿತ್ರಗಳನ್ನು ಬೇರೆ ಊರಿನ ದೊಡ್ಡ ಡಾಕ್ಟರಿಗೆ ಕಳಿಸಲು ಅವರ ಆಸ್ಪತ್ರೆಗೆ ಈ ಡಬ್ಬಿ ಬೇಕಾಗಿತ್ತು. ಟೀ ಮುಗಿದ ಮೇಲೆ ಸಹಿ.

"ಅಮ್ಮನ ಮುಂದೆ ಏನಾದ್ರೂ ಆಗಿ ನಿಲ್ಲೋಣ ಅಂತ..." ಎಂದ.

"ಬೆಳಿಗ್ಗೆಯಿಂದ ಇಲಿ ಹೆಣದ ಪಕ್ಕ ನಿಂತಿದೀನಿ. ಈ ಹೊಲಸು ಸೋಪು ಹಾಕಿದ್ರೆ ಹೋಗತ್ತೆ," ಎಂದೆ. "ನಿಮ್ಮ ಕೈ ಮುಟ್ಟೋಕೆ ನಂಗೆ ಹೇಸಿಗೆ ಆಗ್ತಿದೆ. ಭಾನುವಾರ ಬರಬೇಡಿ."

ಅವನು ತನ್ನ ಕೈ ನೋಡಿಕೊಂಡ. ಉಗುರು ಎಷ್ಟು ಸ್ವಚ್ಛವಾಗಿತ್ತು.

ಮತ್ತೆ ಗುಂಡಿಗೆ ಇಳಿದೆ. ಕೇಬಲ್ಲಿನ ತುದಿಗಳನ್ನು ಕೈಗೆತ್ತಿಕೊಂಡೆ. ಹೊಲಸು ನೀರು ಹೊಕ್ಕು ಎಳೆಗಳ ಬಣ್ಣವೆಲ್ಲ ಹೋಗಿತ್ತು. ಲ್ಯಾಬಿನ ತುದಿಯಿಂದ ಒಂದೊಂದೇ ಎಳೆಗೆ ಕೆಂಪು ದೀಪ ಬಿಟ್ಟು ತೋರಿಸದೆ ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ. ಆ ದೀಪ ಇರುವುದು ಅವನ ಹತ್ತಿರ.

ಅರ್ಧ ಗಂಟೆಯ ಮೇಲೆ ಫೋನ್ ಹೊಡೆದುಕೊಂಡಿತು. ನಾನು ಎತ್ತಲಿಲ್ಲ. ಜಗಳ ನಿಮ್ಮಿಬ್ಬರದು, ಲೈನು ಊರಿನವರದು, ಎತ್ತಮ್ಮ ಎಂದು ಮೇಲಿನಿಂದ ಗದರಿದರು ಡ್ರೈವರಣ್ಣ.

"ಕೆಲಸದ ಮಾತಷ್ಟೇ," ಎಂದೆ.

ಅವನು ಕೆಲಸದ ಮಾತಾಡಲಿಲ್ಲ. ಆ ತಟ್ಟೆಯನ್ನು ಹಾಗೇ ಡಾಕ್ಟರಮ್ಮನ ಮುಂದಿಟ್ಟು ಎಲ್ಲ ಹೇಳಿದನಂತೆ. ಅವರು ಎರಡೇ ಪ್ರಶ್ನೆ ಕೇಳಿ, ಪೆನ್ನಿನ ಕ್ಯಾಪ್ ಹಾಕಿ ಎದ್ದರಂತೆ. ಬಾಸ್ ಅಲ್ಲೇ ಕೆಲಸದಿಂದ ತೆಗೆದು ಕೋಟು ಬಿಚ್ಚಿಸಿಕೊಂಡನಂತೆ, ಅದು ಕಂಪನಿಯದು. ಹೊರಗೆ ಕಳಿಸಲು ವಾಚ್‌ಮನ್ ಪಕ್ಕದಲ್ಲೇ ನಿಂತಿದ್ದಾನೆ, ಲೈನ್ ಕೆಲಸಕ್ಕೆಂದು ಹತ್ತು ನಿಮಿಷ ಬೇಡಿಕೊಂಡಿದ್ದೇನೆ ಎಂದ.

"ಹೇಳದೆ ಇದ್ದಿದ್ರೆ, ನಿಂಗೆ ಇನ್ನೊಂದು ಸಲ 'ಬಂತು' ಅನ್ನೋಕೆ ನನಗೆ ಬಾಯಿ ಬರ್ತಿರಲಿಲ್ಲ."

ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಎಳೆಗಳ ತುದಿ ಒರೆಸತೊಡಗಿದೆ, ಅವನೇ ಮತ್ತೆ ಕೇಳಿದ.

"ಇನ್ನೂ ಹೇಸಿಗೆ ಇದೆಯಾ?"

"ಇದೆ. ಎರಡು ಸಲ ಸ್ನಾನ ಮಾಡಿ ನೋಡಬೇಕು."

"ಭಾನುವಾರದೊಳಗೆ ಹೋಗತ್ತಾ?"

ಇಲಿಯ ಹೆಣ ತೇಲಿ ಬಂದು ಬೂಟಿಗೆ ತಾಗಿತು. ಕಾಲಿನಿಂದ ಆಚೆ ತಳ್ಳಿದೆ.

"ಗೊತ್ತಿಲ್ಲ. ಬಾ. ಏನೂ ಆಗಿ ಬರಬೇಡ, ಸುಮ್ನೆ ಬಾ," ಎಂದೆ. "ಈಗ ಏಳನೇ ಎಳೆಗೆ ದೀಪ ಬಿಡು."

ಎಳೆಗಳ ತುದಿಗಳನ್ನು ಗ್ಲೌಸಿನ ಅಂಗೈ ಮೇಲೆ ಬಿಡಿಸಿ ಹಿಡಿದೆ. ಆ ಕಡೆ ಅವನ ಉಸಿರು ಕೇಳಿಸುತ್ತಿತ್ತು.

"ಬಂತಾ?"

"ಇನ್ನೂ ಇಲ್ಲ."

ಅವನು ಏನನ್ನೋ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದ ಸದ್ದು. ಒಂದು ಗಳಿಗೆಯ ಮೇಲೆ, ಕೆಸರು ಮೆತ್ತಿದ ನನ್ನ ಅಂಗೈಯ ನಡುವೆ ಸಾಸಿವೆಯಷ್ಟು ಕೆಂಪು ಹೊತ್ತಿಕೊಂಡಿತು. ಮಣಿಕಟ್ಟಿನ ಮೇಲೆ ಹತ್ತುತ್ತಿದ್ದ ಜಿರಲೆ ತಿರುಗಿ ಕತ್ತಲೆಗೆ ಓಡಿತು.